ನೋವು ಯಾರದು?

ನಾನು ನರ್ಸ್ ಆಗಿರುವ ಆಸ್ಪತ್ರೆಗೆ ರಾವಂದೂರಿನ ಜಯಮ್ಮ ಗಂಡನ ಜೊತೆ ಬಂದಿದ್ದರು. ಮುಟ್ಟಿನಲ್ಲಿ ವಿಪರೀತ ರಕ್ತ, ಹೊಟ್ಟೆನೋವು. ಡಾಕ್ಟರು ಆಕೆಯ ಮುಖವನ್ನೂ ನೋಡದೆ ಗಂಡನಿಗೆ, "ಗರ್ಭಕೋಶ ತೆಗೀಬೇಕು, ಆಗಬಹುದಾ?" ಅಂದರು.

"ತಗೀರಿ ಸಾರ್," ಅಂದ ಆತ, ಹಲ್ಲು ಕೀಳಿಸುವಷ್ಟು ಸಲೀಸಾಗಿ.

ನನಗೆ ಮೈಯೆಲ್ಲ ಉರಿಯಿತು. "ಸಾರ್, ಪೇಷಂಟ್ ಇವರು. ಇವರನ್ನ ಕೇಳಿ."

"ಅವರಿಗೇನು ಅರ್ಥ ಆಗುತ್ತೆ?" ಅಂದರು ಡಾಕ್ಟರು.

ಜಯಮ್ಮ ತಲೆ ಎತ್ತಿದರು. "ನೋವು ಅರ್ಥ ಆಗಿ ತಾನೆ ಬಂದಿರೋದು? ಮಾತ್ರೇಲಿ ವಾಸಿ ಆಗಾಕಿಲ್ವಾ, ಅದ್ನ ಯೋಳಿ."

ಡಾಕ್ಟರು ಆಕೆಯ ಕಡೆಗೆ ಕುರ್ಚಿ ತಿರುಗಿಸಿದರು. ಮೊದಲು ಮಾತ್ರೆ ಕೊಟ್ಟು ನೋಡಬಹುದು ಅಂತ ಒಪ್ಪಿದರು. ಮಾತ್ರೆಯಲ್ಲೇ ರಕ್ತಸ್ರಾವ ಹಿಡಿತಕ್ಕೆ ಬಂತು.

ಮೊನ್ನೆ ನರ್ಸುಗಳ ತರಬೇತಿಯಲ್ಲಿ, ರೋಗಿಯ ಮಾತು ಕೇಳಲು ನಿಮಗೇನು ಪ್ರೇರಣೆ ಅಂತ ತರಬೇತಿ ಕೊಡುವವರು ಕೇಳಿದರು. ಎಲ್ಲರೂ ಕರುಣೆ ಅಂದರು. ನಾನು ಸಿಟ್ಟು ಅಂದೆ. ಅದೊಂದನ್ನು ಮಾತ್ರ ಅವರು ಬೋರ್ಡಿನ ಮೇಲೆ ಬರೆಯಲಿಲ್ಲ.