ಬಾಯಿ ಮಾತ್ರ ನನ್ನದು
ರೋಮಿನಲ್ಲಿ ನನ್ನಂಥ ಸಿನಿಮಾ ನಟರು ಕಾಫಿ ಅಂಗಡಿಗೊಬ್ಬರಂತೆ ಸಿಗುತ್ತಾರೆ: ಕೋಟು ಹಳೆಯದು, ಬಿಗುಮಾನಕ್ಕೇನೂ ಕಡಿಮೆಯಿಲ್ಲ. ನನ್ನ ಗಂಟಲು ತಗಡು ಕೆರೆದಂತಿರುವುದರಿಂದ ಅರವತ್ತು ಚಿತ್ರಗಳಲ್ಲೂ ದನಿ ಬೇರೊಬ್ಬನದು. ಕ್ಯಾಮೆರಾ ಮುಂದೆ ನಾನು ಮಾತಿನ ಬದಲು ಬರೀ ಅಂಕಿ ಹೇಳುತ್ತೇನೆ. "ಬಾಯಾಡ್ಸಿದ್ರೆ ಸಾಕು ಓರೆಸ್ತೆ ಮಾರಾಯ, ದನಿ ಆಮೇಲೆ ಹಾಕಿಸ್ಕೊಳ್ಳೋಣ," ಎನ್ನುತ್ತಾರೆ ನಿರ್ದೇಶಕರು. ಹದಿನೇಳು, ಹದಿನೆಂಟು ಎಂದು ಕಣ್ಣೀರಿಡುತ್ತಾ ಎಷ್ಟೋ ರಾಣಿಯರಿಗೆ ಪ್ರೇಮ ನಿವೇದಿಸಿದ್ದೇನೆ. ನೂರರ ಹತ್ತಿರ ಬಂದಾಗ ಸಾಯುತ್ತೇನೆ. ಹೋದ ಭಾನುವಾರ, ಈಚೆಗೆ ಕಣ್ಣು ಪೂರ್ತಿ ಹೋಗಿರುವ ಅಮ್ಮನನ್ನು ನನ್ನ ಹೊಸ ಚಿತ್ರಕ್ಕೆ ಕರೆದೊಯ್ದೆ. ಹಬ್ಬದ ಶಾಲು ಹೊದ್ದು, ಕೊನೆತನಕ ಕಿವಿಗೊಟ್ಟು ಕೂತಿದ್ದ ಅವಳು ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಎಲ್ಲಾರೂ ಮಾತಾಡಿದ್ರು, ನೀನ್ ಯಾವಾಗ ಬರ್ತೀಯೋ ಮಗಾ?" "ಇನ್ನೇನು ಬಂದೆ ಕಣಮ್ಮಾ," ಎಂದೆ, ತೆರೆಯ ಮೇಲೆ ಆಗಲೇ ನನ್ನ ಹೆಣ ಎತ್ತುತ್ತಿದ್ದರು.