ಮೊಣಕಾಲು ಬಗ್ಗಿಸಿ ನಡೆದವರು

ನೆರೆಮನೆಯ ಇಕ್ಬಾಲ್ ಸಾಹೇಬರ ಶವ ಹೊತ್ತ ಜನಾಜಾ ಸವಣೂರಿನ ನಮ್ಮ ಓಣಿ ದಾಟುವಾಗ ಹಿಂದಕ್ಕೆ ವಾಲಿತು. ಮುಂದೆ ಹೆಗಲು ಕೊಟ್ಟಿದ್ದ ಇಬ್ಬರು, ಹಿಂದೆ ಹೊತ್ತಿದ್ದ ನಮಗಿಂತ ಬಹಳ ಎತ್ತರ. ಸಾಹೇಬರು ವೃತ್ತಿಪರ ಬಾಸ್ಕೆಟ್‌ಬಾಲ್ ಆಡಿ ನಿವೃತ್ತರಾದವರು. ಈ ಇಬ್ಬರೂ ಅವರ ತಂಡದಲ್ಲಿ ಜೊತೆಗೆ ಆಡಿದವರು, ಹುಬ್ಬಳ್ಳಿಯಿಂದ ಬಂದಿದ್ದರು. ವಾಲಿದ್ದು ತಿಳಿದೊಡನೆ ಇಬ್ಬರೂ ಮೊಣಕಾಲು ಬಗ್ಗಿಸಿ, ನಮ್ಮ ಮಟ್ಟಕ್ಕೆ ಇಳಿದು ನಡೆಯತೊಡಗಿದರು. ಒಬ್ಬರ ಮೊಣಕಾಲಿಗೆ ಪಟ್ಟಿ ಕಟ್ಟಿತ್ತು.

“ನೀವು ಬಿಡ್ರಿ, ಕಾಲಿಗೆ ತ್ರಾಸ ಆಕ್ಕೈತಿ,” ಎಂದೆ.

“ತಂಡದಾಗ ಇಕ್ಬಾಲನೇ ಎಲ್ಲಾರಕಿಂತ ಗಿಡ್ಡ. ತಾ ಬುಟ್ಟಿಗೆ ಹಾಕೂದು ಬಿಟ್ಟು ನಮ್ಮ ಕೈಗೆ ಚೆಂಡು ಕೊಡತಿದ್ದ. ಇವತ್ತ ಇವನ ಸಲುವಾಗಿ ಇಷ್ಟು ಬಗ್ಗಾಕ ಬ್ಯಾಡೇನ್ರಿ?” ಎಂದರು ಪಟ್ಟಿ ಕಟ್ಟಿದ್ದವರು.

ಖಬರಸ್ತಾನದವರೆಗೂ ಅವರಿಬ್ಬರೂ ಹೆಗಲು ಬಿಡಲಿಲ್ಲ. ಸಾಹೇಬರು ತಮ್ಮ ಆಟದ ಮಾತು ನಮ್ಮೆದುರು ಎಂದೂ ತೆಗೆದವರಲ್ಲ. ಅವರು ಎಂಥ ಆಟಗಾರರಾಗಿದ್ದರೆಂದು ನನಗೆ ತಿಳಿದದ್ದು ಅಂದು, ಆ ಇಬ್ಬರ ಹಿಂದೆ ನಡೆಯುತ್ತ.