ಮೇಲೆ ಕೊಟ್ಟು ಇಳಿಯುವ ಬಿಲ್ಲೆ

ಇವತ್ತು ಬೆಳಿಗ್ಗೆಯೂ ನಮ್ಮ ಬೆಂಗಳೂರು ರೈಲನ್ನು ಬಂಗಾರಪೇಟೆ ಜಂಕ್ಷನ್ನಿನ ಹೊರಗೇ ನಿಲ್ಲಿಸಿ ಗೂಡ್ಸ್ ಬಿಟ್ಟರು. ಒಂದರ ಹಿಂದೊಂದು ಕಂಟೇನರು, ಕೆಂಪು, ನೀಲಿ, ಮತ್ತೆ ಕೆಂಪು, ಚೆನ್ನೈ ಬಂದರಿನ ಕಡೆಗೆ. ಪಕ್ಕದ ಸೀಟಿನವರು ಶಾಪ ಹಾಕಿದರು. ಹಿಂದೆ ನಾನೂ ಹಾಕುತ್ತಿದ್ದವನೇ, ಸುಳ್ಳೇಕೆ ಹೇಳಲಿ? ಆ ಬಂದರನ್ನು ಕಣ್ಣಾರೆ ಕಂಡ ಮೇಲೆ ಬಾಯಿ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋದದ್ದು ನಾರಾಯಣಪ್ಪ ಮಾವನ ಜೊತೆ. ಗಣಿ ಕಾರ್ಮಿಕರ ಸಾಲುಮನೆಗಳಾದ ಊರಿಗಾಂ ಲೈನಿನಲ್ಲಿ ನಮ್ಮ ಪಕ್ಕದ ಮನೆಯವರು. ಮುಚ್ಚುವವರೆಗೂ ಚಿನ್ನದ ಗಣಿಯ ತಳದಲ್ಲಿ ದುಡಿದವರು. ಮಗ ಮಂಜ ಬಂದರಿನಲ್ಲಿ ಕ್ರೇನು ನಡೆಸುವ ಕೆಲಸಕ್ಕೆ ಸೇರಿದ್ದೇ ತಡ, ಮಾವನ ಹೆಂಡತಿ ಮುನಿಯಮ್ಮತ್ತೆಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

"ಇಷ್ಟ್ ವರ್ಸ ನಿಮ್ಗೆ ಕಾದಿದ್ದು ಸಾಲ್ದಾ? ಓಗಿ ನೋಡ್ಕಂಡ್ ಬನ್ನಿ. ಅಪಾಯ ಅನ್ಸಿದ್ರೆ ಕರ್ಕಂಡೇ ಬಂದ್ಬಿಡಿ," ಎಂದು ಹಟ ಹಿಡಿದರು. ಓದಿದವನು ಜೊತೆಗಿರಲಿ ಎಂದು ನನ್ನನ್ನೂ ಹೊರಡಿಸಿದರು.

ಓದಿದವನ ಬಂಡವಾಳ ಗೇಟು ದಾಟುತ್ತಲೇ ಬಯಲಾಯಿತು. ಹಡಗೆಂದರೆ ದೊಡ್ಡ ದೋಣಿ ಎಂದುಕೊಂಡಿದ್ದೆ. ಅಬ್ಬಬ್ಬಾ! ನೀರಿನ ಮೇಲೆ ಒಂದು ಊರೇ ನಿಂತಿತ್ತು, ಅದೂ ದಡಕ್ಕೆ ಅಂಟಿಕೊಂಡು. ಅಷ್ಟು ಆಳವಂತೆ ಅಲ್ಲಿ ನೀರು. ಬಂಗಾರಪೇಟೆಯಲ್ಲಿ ನನ್ನನ್ನು ಕಾಯಿಸುವ ಆ ಡಬ್ಬಗಳೇ ಇಲ್ಲಿ ಬೆಂಕಿಪೊಟ್ಟಣದ ಹಾಗೆ ಮೇಲೇರಿ ಹಡಗಿನ ಹೊಟ್ಟೆಗೆ ಇಳಿಯುತ್ತಿದ್ದವು. ನೀವಿದ್ದರೂ ನನ್ನ ಹಾಗೇ ಬಾಯಿ ತೆರೆದು ನಿಲ್ಲುತ್ತಿದ್ದಿರಿ.

ಅಷ್ಟರಲ್ಲಿ ಕಾವಲಿನವನೊಬ್ಬ ಮಾವನನ್ನು ತಡೆದು ತಮಿಳಿನಲ್ಲಿ ಪಾಸು ಕೇಳಿದ. ಮಾವನ ಹತ್ತಿರ ಪಾಸೇ ಇಲ್ಲ! ಗೇಟಿನಲ್ಲಿ ಕೊಟ್ಟಿದ್ದನ್ನು ಅಲ್ಲಿನ ಮೇಜಿನ ಮೇಲೇ ಇಟ್ಟು ಬಂದಿದ್ದರು. ಗಣಿಯಲ್ಲಿ ಹಾಗೆ. ನಿಮ್ಮ ನಂಬರಿನ ಬಿಲ್ಲೆಯನ್ನು ಮೇಲೆ ಕೊಟ್ಟು ಇಳಿಯುವುದು, ಹತ್ತಿಬಂದ ಮೇಲೆ ವಾಪಸ್ಸು ಪಡೆಯುವುದು.

"ಇಲ್ದಿದ್ರೆ ಒಳಗ್ ಯಾರವ್ರೆ ಅಂತ ಎಂಗ್ಲಾ ಗೊತ್ತಾಯ್ತದೆ?" ಎಂದು ನನ್ನನ್ನೇ ಗದರಿದರು. ಗೇಟಿಗೆ ಓಡಿ ಪಾಸು ತಂದುಕೊಟ್ಟೆ. ಓದಿದವನಿಂದ ಆದ ಉಪಕಾರ ಅಷ್ಟೇ.

ಮಂಜ ಇದ್ದದ್ದು ಮೇಲೆ, ಕತ್ತು ನೋಯುವಷ್ಟು ಮೇಲೆ, ಕ್ರೇನಿನ ಗಾಜಿನ ಗೂಡಿನಲ್ಲಿ. ಮಾವ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ನೋಡುತ್ತಲೇ ಇದ್ದರು.

"ನಾನ್ ಭೂಮಿ ಒಳಿಕ್ಕೋದೆ. ಇವ್ನು ಆಕಾಸಕ್ಕೆ ಅತ್ತವ್ನೆ ನೋಡ್ಲಾ," ಎಂದರು. ಕರೆದುಕೊಂಡು ಹೋಗುವ ಮಾತನ್ನು ಅವರು ಇನ್ನು ಎತ್ತುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಮಂಜ ಇಳಿದು ಬಂದಾಗ ಮಾವ ಕೇಳಿದ್ದು ಒಂದೇ. "ಮೇಲತ್ತೋವಾಗ ಯಾರ್ಗ್ ಏಳಿ ಅತ್ತೀಯಲಾ?"

"ಸೂಪರ್‌ವೈಸರ್‌ಗೆ ಗೊತ್ತಿರ್ತದಪ್ಪಾ."

"ಅವ್ರಿಗಲ್ಲ ಕಣ್ಲಾ. ನಿಮ್ಮಮ್ಮಂಗೆ."

ಇವತ್ತು ಸಂಜೆ ನಾನು ಮನೆಗೆ ಬಂದಾಗ ಮುನಿಯಮ್ಮತ್ತೆ ತಮ್ಮ ಮನೆ ಬಾಗಿಲಲ್ಲಿ ಮೊಬೈಲು ಹಿಡಿದು ಕೂತಿದ್ದರು. ಅದು ಬಡಿದುಕೊಂಡಿತು. ಬೆಳಿಗ್ಗೆ ಅವರಿಗೆ ಹೇಳಿ ಹತ್ತಿದ್ದ ಮಂಜ. "ಇಳ್ದ್ಯೇನಪ್ಪಾ?" ಎಂದರು. ಮೊಬೈಲು ಕೆಳಗಿಟ್ಟರು. ಎದ್ದು ಮುದ್ದೆಗೆ ಎಸರಿಡಲು ಒಳಗೆ ಹೋದರು. ಮಗ ನೆಲ ಮುಟ್ಟುವ ತನಕ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.